ಹದಿನೈದು ನಿಮಿಷ ಸುಮ್ಮನೆ

ಖಾಲಿ ಕೋಣೆ, ಅದರೊಳಗೊಂದು ಕುರ್ಚಿ. ಮೊಬೈಲು, ಪುಸ್ತಕ, ಪೆನ್ನು ಎಲ್ಲವನ್ನೂ ಹೊರಗೆ ಕೊಟ್ಟು ಒಳಗೆ ಬರಬೇಕು. ಬಂದವರು ಮಾಡಬೇಕಾದ ಕೆಲಸ ಇಷ್ಟೇ: ಹದಿನೈದು ನಿಮಿಷ ತಮ್ಮ ಯೋಚನೆಗಳ ಜೊತೆ ತಾವು ಕೂತಿರುವುದು. ಎದ್ದು ಓಡಾಡುವಂತಿಲ್ಲ, ನಿದ್ದೆ ಹೋಗುವಂತಿಲ್ಲ. ಕೈಗೆಟುಕುವಲ್ಲಿ ಒಂದು ಗುಂಡಿ ಇದೆ. ಒತ್ತಿದರೆ ಮೈಗೆ ಚುರುಕ್ಕೆಂದು ಕರೆಂಟು ತಾಗುತ್ತದೆ. ಒತ್ತಲೇಬೇಕೆಂಬ ಬಲವಂತವಿಲ್ಲ. ಆ ಶಾಕ್ ಹೇಗಿರುತ್ತದೆಂದು ಮೊದಲೇ ತೋರಿಸಿಯೂ ಆಗಿದೆ. ಇನ್ನೊಮ್ಮೆ ಅದು ಬೇಡ, ದುಡ್ಡು ಕೊಟ್ಟಾದರೂ ತಪ್ಪಿಸಿಕೊಳ್ಳುತ್ತೇವೆ ಎಂದು ಅವರೇ ಹೇಳಿಯೂ ಆಗಿದೆ.

ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದ ಟಿಮೊತಿ ವಿಲ್ಸನ್ ಮತ್ತು ಸಂಗಡಿಗರು ನಡೆಸಿದ ಈ ಪ್ರಯೋಗದ ವರದಿ 2014ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಅಚ್ಚಾಯಿತು. 18 ಗಂಡಸರಲ್ಲಿ 12 ಮಂದಿ, 24 ಹೆಂಗಸರಲ್ಲಿ 6 ಮಂದಿ ಗುಂಡಿ ಒತ್ತಿಕೊಂಡಿದ್ದರು. ಒಬ್ಬ ಮಹಾನುಭಾವ 190 ಸಲ ಒತ್ತಿ, ಸರಾಸರಿಯ ಲೆಕ್ಕದಿಂದಲೇ ಹೊರಬಿದ್ದ. ನಲವತ್ತೆರಡು ಜನರನ್ನು ನೋಡಿ ಮನುಕುಲದ ಮೇಲೆ ತೀರ್ಪು ಕೊಡುವುದು ತರವಲ್ಲ. ಆದರೂ ಬಸ್ಸು ಸಿಗ್ನಲ್ಲಿನಲ್ಲಿ ನಿಂತ ಅರೆ ನಿಮಿಷದಲ್ಲಿ ಎಷ್ಟು ಕೈಗಳು ಜೇಬಿಗೆ, ವ್ಯಾನಿಟಿ ಬ್ಯಾಗಿಗೆ ಇಳಿಯುತ್ತವೆಂದು ಗಮನಿಸಿದವರಿಗೆ ಈ ಫಲಿತಾಂಶ ಅಷ್ಟೇನೂ ಅಚ್ಚರಿ ತರಲಾರದು. ತನ್ನ ಜೊತೆ ತಾನಿರುವುದು ಸುಲಭದ ಕೆಲಸವಲ್ಲ. ಅದನ್ನು ಕಲಿಯಬೇಕು, ಕಲಿಯಲು ಬಿಡುವು ಬೇಕು, ಆ ಬಿಡುವನ್ನು ಯಾರಾದರೂ ಕೊಡಬೇಕು. ಮನಸ್ಸಿನ ಸಮತೋಲ, ತನ್ನ ಆರೈಕೆ ತಾನು ಮಾಡಿಕೊಳ್ಳುವುದು ಎಂದೆಲ್ಲ ಇವತ್ತು ಕಿವಿಗೆ ಬೀಳುವ ಮಾತುಗಳಲ್ಲಿ ಈ ಕೊನೆಯ ಭಾಗ ಮಾತ್ರ ಸಾಮಾನ್ಯವಾಗಿ ತಪ್ಪಿಹೋಗಿರುತ್ತದೆ.

ಹಾರ್ವರ್ಡ್‌ನ ಮ್ಯಾಥ್ಯೂ ಕಿಲ್ಲಿಂಗ್ಸ್‌ವರ್ತ್ ಮತ್ತು ಡೇನಿಯಲ್ ಗಿಲ್ಬರ್ಟ್ 2010ರಲ್ಲಿ ಇನ್ನೊಂದು ಲೆಕ್ಕ ತೆಗೆದಿದ್ದರು. 2,250 ಜನರ ಫೋನಿಗೆ ದಿನದ ಯಾವುದೋ ಹೊತ್ತಿನಲ್ಲಿ ಪ್ರಶ್ನೆ ಬರುತ್ತಿತ್ತು: ಈಗ ಏನು ಮಾಡುತ್ತಿದ್ದೀರಿ, ಮನಸ್ಸು ಅದರಲ್ಲೇ ಇದೆಯೇ, ಹೇಗನ್ನಿಸುತ್ತಿದೆ? ಎಚ್ಚರವಿರುವ ಹೊತ್ತಿನ ಹತ್ತಿರ ಹತ್ತಿರ 47 ಶೇಕಡಾ ಮನಸ್ಸು ಕೈಯಲ್ಲಿರುವ ಕೆಲಸ ಬಿಟ್ಟು ಬೇರೆಲ್ಲೋ ಇತ್ತು. ಹಾಗೆ ಅಲೆಯುವಾಗ ಜನ ಹೆಚ್ಚು ಸುಖವಾಗಿಯೂ ಇರಲಿಲ್ಲ. ಹಿತವಾದದ್ದನ್ನೇ ನೆನೆಯುತ್ತಿದ್ದವರು ಕೂಡ, ಮಾಡುತ್ತಿದ್ದ ಕೆಲಸದಲ್ಲೇ ಮನಸ್ಸಿಟ್ಟವರಿಗಿಂತ ಸಂತೋಷದಲ್ಲಿರಲಿಲ್ಲ. ಮನಸ್ಸು ಎಲ್ಲಿದೆಯೆಂದು ಕೇಳಲು ಬಳಸಿದ ಸಾಧನವೇ ಮನಸ್ಸನ್ನು ಎಳೆದಾಡುವುದರಲ್ಲಿ ಈಗ ಎಲ್ಲಕ್ಕಿಂತ ಮುಂದಿದೆ ಎಂಬುದು ಬೇರೆ ಮಾತು.

ಇದನ್ನು ಬಾನುಲಿಯಲ್ಲಿ ಆಡುವುದರಲ್ಲಿ ಒಂದು ಔಚಿತ್ಯವೂ ಇದೆ. 1935ರ ಸೆಪ್ಟೆಂಬರ್ 10ರಂದು ಮೈಸೂರಿನ 'ವಿಠ್ಠಲ ವಿಹಾರ' ಎಂಬ ತಮ್ಮ ಮನೆಯಿಂದಲೇ ಪ್ರಸಾರ ಆರಂಭಿಸಿದ ಡಾ. ಎಂ. ವಿ. ಗೋಪಾಲಸ್ವಾಮಿಯವರು ಮಹಾರಾಜ ಕಾಲೇಜಿನಲ್ಲಿ ಕಲಿಸುತ್ತಿದ್ದದ್ದು ಮನಶ್ಶಾಸ್ತ್ರವನ್ನು. 'ಆಕಾಶವಾಣಿ' ಎಂಬ ಹೆಸರು ಕನ್ನಡಿಗರಿಗೆ ಬಂದದ್ದು ಆ ಮನೆಯಿಂದ. ಮನಸ್ಸನ್ನು ಓದಿದವರು ಕಟ್ಟಿದ ಮಾಧ್ಯಮಕ್ಕೆ ಒಂದು ಗುಣವಿತ್ತು: ಅದು ಮುಗಿಯುತ್ತಿತ್ತು. ಚಿತ್ರಗೀತೆ ಮುಗಿದು ವಾರ್ತೆ, ವಾರ್ತೆ ಮುಗಿದು ನಾಟಕ, ರಾತ್ರಿ ಸಭೆ ಮುಕ್ತಾಯ. ಕೇಳುವವರ ಕೈ ಅಕ್ಕಿ ಆರಿಸುತ್ತಿತ್ತು, ಕಣ್ಣು ಒಲೆಯ ಮೇಲಿತ್ತು. ಬೆರಳು ಮೇಲಕ್ಕೆ ಸರಿಸಿದಷ್ಟೂ ಬರುತ್ತಲೇ ಇರುವ ಪರದೆಗೆ ಈ ಮುಕ್ತಾಯವೆಂಬುದು ಗೊತ್ತಿಲ್ಲ.

ಮಾರುಕಟ್ಟೆಗೆ ಇದೆಲ್ಲ ಗೊತ್ತು. ಆದ್ದರಿಂದಲೇ 'ಸೆಲ್ಫ್ ಕೇರ್' ಎಂದರೆ ಪರಿಮಳದ ಮೇಣದಬತ್ತಿ, ವಾರಾಂತ್ಯದ ರೆಸಾರ್ಟು, ಮುಖಕ್ಕೆ ಬಳಿಯುವ ಕೆಸರು, ತಿಂಗಳಿಗಿಷ್ಟು ಚಂದಾ ಕಟ್ಟಿಸಿಕೊಳ್ಳುವ ಧ್ಯಾನದ ಆ್ಯಪ್ ಎಂಬಂತಾಗಿದೆ. ಈ ವಿಷಯದಲ್ಲಿ ಹೆಚ್ಚು ವಿವೇಕ ತೋರಿಸಿರುವುದು, ಯಾರೂ ನಿರೀಕ್ಷಿಸದ ಕಡೆ, ಸರ್ಕಾರದ ಅಂಕಿಸಂಖ್ಯೆಯವರು. ದೇಶದ ಜನ ದಿನದ 24 ಗಂಟೆಯನ್ನು ಹೇಗೆ ಕಳೆಯುತ್ತಾರೆಂದು ರಾಷ್ಟ್ರೀಯ ಸಾಂಖ್ಯಿಕ ಕಚೇರಿ ಮನೆಮನೆಗೆ ಹೋಗಿ ಕೇಳುತ್ತದೆ. ಆ ಸಮೀಕ್ಷೆಯಲ್ಲಿ ತನ್ನ ಆರೈಕೆ ಎಂಬುದಕ್ಕೇ ಒಂದು ವಿಭಾಗವಿದೆ. ಅದರಲ್ಲಿ ಬರುವುದು ನಿದ್ದೆ, ಊಟ, ಸ್ನಾನ, ಇಂಥವು. 2024ರ ಸಮೀಕ್ಷೆಯ ಪ್ರಕಾರ ಆರು ವರ್ಷ ಮೇಲ್ಪಟ್ಟ ಭಾರತೀಯರು ಇದಕ್ಕೆ ದಿನಕ್ಕೆ ಸರಾಸರಿ 708 ನಿಮಿಷ ಕೊಡುತ್ತಾರೆ; ಗಂಡಸರು 710, ಹೆಂಗಸರು 706. ಹೆಚ್ಚುಕಮ್ಮಿ ಹನ್ನೆರಡು ಗಂಟೆ. ಅಂದರೆ ಅರ್ಧ ದಿನ ಎಲ್ಲರೂ ಆಗಲೇ ತಮ್ಮ ಆರೈಕೆಯಲ್ಲಿದ್ದಾರೆ. ಹೊಸದಾಗಿ ಕೊಳ್ಳಬೇಕಾದದ್ದೇನೂ ಇಲ್ಲ. ತಿನ್ನುವಾಗ ತಿನ್ನುತ್ತಿದ್ದೇವೆಂಬ, ಮೀಯುವಾಗ ಮೀಯುತ್ತಿದ್ದೇವೆಂಬ ಎಚ್ಚರ ಆ ಹೊತ್ತಿನಲ್ಲಿ ಎಷ್ಟಿದೆ ಎಂಬುದಷ್ಟೇ ಪ್ರಶ್ನೆ.

ಅದೇ ಸಮೀಕ್ಷೆಯ ಇನ್ನೊಂದು ಪುಟ ಅಷ್ಟು ಸಮಾಧಾನದ್ದಲ್ಲ. ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಸುರಿದರೆ, ಆ ಕೆಲಸಕ್ಕೆ ಕೈಹಾಕುವ ಗಂಡಸರು ಕೊಡುವುದು 88 ನಿಮಿಷ. ಮಕ್ಕಳನ್ನು, ಮುದುಕರನ್ನು, ಕಾಯಿಲೆಯವರನ್ನು ನೋಡಿಕೊಳ್ಳುವುದು ಬೇರೆಯೇ ಲೆಕ್ಕ. ಅಲ್ಲಿ 137 ಮತ್ತು 75. ಹಾಸನದಲ್ಲೋ ಹುಬ್ಬಳ್ಳಿಯಲ್ಲೋ ಬ್ಯಾಂಕಿನಲ್ಲಿ ದುಡಿಯುವ ಒಬ್ಬ ಹೆಣ್ಣುಮಗಳನ್ನು ನೆನೆದುಕೊಳ್ಳಿ. ಅವಳಿಗೂ ಊಟದ ಹೊತ್ತೆಂಬುದು ಇದೆ, ಸಮೀಕ್ಷೆಯಲ್ಲಿ ಬರೆಸಿಯೂ ಇದ್ದಾಳೆ. ಆದರೆ ಆ ಹೊತ್ತಿನಲ್ಲಿ ಅತ್ತೆಯ ಮಾತ್ರೆ, ಮಗನ ಟಿಫಿನ್ ಡಬ್ಬಿ, ಗ್ಯಾಸ್ ಸಿಲಿಂಡರು, ನಾಳೆಯ ಮೊಸರಿಗೆ ಹೆಪ್ಪು, ಇವೆಲ್ಲ ಅವಳ ತಟ್ಟೆಗೇ ಬಂದು ಕೂರುತ್ತವೆ. ಇಂಥವಳಿಗೆ 'ಈ ಕ್ಷಣದಲ್ಲಿ ಬದುಕಿ' ಎಂದು ಯಾರಾದರೂ ಪುಕ್ಕಟೆ ಉಪದೇಶ ಕೊಟ್ಟರೆ, ಮೊದಲು ಬಂದು ಪಾತ್ರೆ ತೊಳೆಯಿರಿ ಎಂದು ಅವಳು ಹೇಳಿದರೆ ತಪ್ಪಿಲ್ಲ.

ಗಮನವನ್ನು ಪಳಗಿಸುವ ವಿದ್ಯೆ ಹಳೆಯದು, ಅದು ಊರೂರು ಸುತ್ತಿದ ಬಗೆ ಮಾತ್ರ ತೀರ ಈಚಿನ ಕಥೆ. ಬರ್ಮಾದ ಮಾಂಡಲೆಯಲ್ಲಿ 1924ರಲ್ಲಿ ಹುಟ್ಟಿದ ಸತ್ಯನಾರಾಯಣ ಗೋಯೆಂಕಾ ದೊಡ್ಡ ವ್ಯಾಪಾರಸ್ಥರು. ಅವರಿಗೆ ಅರೆದಲೆಶೂಲೆ, ಮಾರ್ಫಿನ್ ಚುಚ್ಚುಮದ್ದು ಬೇಕಾಗುವಷ್ಟು ತೀವ್ರ. ವೈದ್ಯರಿಗಾಗಿ ಹೊರದೇಶಗಳನ್ನು ಸುತ್ತಿ ಬಂದರೂ ಗುಣವಾಗಲಿಲ್ಲ. ಆಗ ಗೆಳೆಯರೊಬ್ಬರು ಊ ಬಾ ಖಿನ್ ಅವರ ಬಳಿ ಹೋಗಲು ಹೇಳಿದರು. ಊ ಬಾ ಖಿನ್ ಸನ್ಯಾಸಿಯಲ್ಲ, ಸ್ವತಂತ್ರ ಬರ್ಮಾದ ಮೊದಲ ಅಕೌಂಟೆಂಟ್ ಜನರಲ್; ಸರ್ಕಾರದ ಲೆಕ್ಕಪತ್ರದ ನಡುವೆಯೇ ವಿಪಶ್ಯನ ಧ್ಯಾನ ಕಲಿಸುತ್ತಿದ್ದ ಗೃಹಸ್ಥ. ಬರೀ ತಲೆನೋವು ಕಳೆದುಕೊಳ್ಳಲು ಬರುವುದಾದರೆ ಬರಬೇಡ ಎಂದು ಅವರು ಮೊದಲು ತಿರಸ್ಕರಿಸಿದ್ದನ್ನು ಗೋಯೆಂಕಾ ಮುಂದೆ ತಾವೇ ನಗುತ್ತ ಹೇಳಿಕೊಳ್ಳುತ್ತಿದ್ದರು. 1955ರಲ್ಲಿ ಶಿಬಿರಕ್ಕೆ ಕೂತರು. 1969ರಲ್ಲಿ ಆ ವಿದ್ಯೆಯನ್ನು ಹೊತ್ತು ಭಾರತಕ್ಕೆ ಬಂದರು. ಮಹಾರಾಷ್ಟ್ರದ ಇಗತಪುರಿಯಲ್ಲಿ ಕೇಂದ್ರ ಎದ್ದಿತು. ಕಿರಣ್ ಬೇಡಿಯವರು ಜೈಲಿನ ಮುಖ್ಯಸ್ಥರಾಗಿದ್ದ ಕಾಲದಲ್ಲಿ, 1994ರಲ್ಲಿ, ತಿಹಾರ್ ಜೈಲಿನ ಸಾವಿರಕ್ಕೂ ಹೆಚ್ಚು ಕೈದಿಗಳು ಒಟ್ಟಿಗೆ ಹತ್ತು ದಿನ ಮೌನ ಕೂತರು. ಬೆಂಗಳೂರಿನಿಂದ ತುಮಕೂರು ರಸ್ತೆ ಹಿಡಿದರೆ ಸಿಗುವ 'ಧಮ್ಮ ಪಫುಲ್ಲ'ದಲ್ಲಿ ಇವತ್ತಿಗೂ ಅದೇ ಕ್ರಮ: ಮೊಬೈಲು ಒಪ್ಪಿಸಬೇಕು, ಬೆಳಗಿನ ಜಾವ ನಾಲ್ಕಕ್ಕೆ ಗಂಟೆ, ದಿನಕ್ಕೆ ಸುಮಾರು ಹತ್ತು ಗಂಟೆ ಧ್ಯಾನ, ಯಾರೊಂದಿಗೂ ಮಾತಿಲ್ಲ. ಮೊದಲ ಮೂರು ದಿನ ಉಸಿರು ಬರುವುದನ್ನೂ ಹೋಗುವುದನ್ನೂ ನೋಡುವುದು ಬಿಟ್ಟರೆ ಬೇರೆ ಪಾಠವೇ ಇಲ್ಲ. ಶುಲ್ಕವೂ ಇಲ್ಲ, ಶಿಬಿರ ಮುಗಿಸಿದವರು ಮನಸ್ಸಿದ್ದರೆ ದಾನ ಕೊಡಬಹುದು.

1971ರ ಸುಮಾರಿಗೆ ಬೋಧಗಯೆಯಲ್ಲಿ ಗೋಯೆಂಕಾ ಅವರ ಶಿಬಿರಗಳಲ್ಲಿ ಕೂತ ಬಿಳಿಯ ಹುಡುಗ ಹುಡುಗಿಯರಲ್ಲಿ ಕೆಲವರು ಅಮೆರಿಕಕ್ಕೆ ಮರಳಿ ಮಸಾಚುಸೆಟ್ಸ್‌ನ ಬ್ಯಾರಿ ಎಂಬ ಸಣ್ಣ ಊರಿನಲ್ಲಿ ಧ್ಯಾನಕೇಂದ್ರ ಕಟ್ಟಿದರು. ಅಲ್ಲಿ ಕಣ್ಣು ಮುಚ್ಚಿ ಕೂತಿದ್ದಾಗ ಜಾನ್ ಕಬಾಟ್-ಜಿನ್ ಎಂಬ ಆಣ್ವಿಕ ಜೀವವಿಜ್ಞಾನಿಗೆ ಒಂದು ಆಲೋಚನೆ ಹೊಳೆಯಿತು: ಇದನ್ನು ಆಸ್ಪತ್ರೆಗೆ ಒಯ್ದರೆ ಹೇಗೆ? 1979ರಲ್ಲಿ ವೂಸ್ಟರ್ ನಗರದ ಮಸಾಚುಸೆಟ್ಸ್ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಅವರು ತರಗತಿ ತೆರೆದರು. ಬಂದವರು ಯಾರು? ಬೆನ್ನುನೋವು, ಕ್ಯಾನ್ಸರ್ ನೋವು, ಏನು ಮಾಡಿದರೂ ಇಳಿಯದ ರಕ್ತದೊತ್ತಡ, ಹೀಗೆ ವೈದ್ಯರು ತಮ್ಮಿಂದಾದದ್ದನ್ನೆಲ್ಲ ಮಾಡಿ ಕೈಚೆಲ್ಲಿದವರು. ದೇವರ ಪಟವಿಲ್ಲ, ಮಂತ್ರವಿಲ್ಲ, ಗುರುಪೂಜೆಯಿಲ್ಲ. ಮೊದಲ ತರಗತಿಯಲ್ಲಿ ಅಂಗೈ ಮೇಲೆ ಒಂದು ಒಣದ್ರಾಕ್ಷಿ. ಅದರ ಸುಕ್ಕು ನೋಡುವುದು, ಬೆಳಕಿಗೆ ಹಿಡಿಯುವುದು, ಮೂಸುವುದು, ತುಟಿಗೆ ತಾಗಿಸುವುದು, ಬಾಯಲ್ಲಿ ನೀರೂರುವುದನ್ನು ಗಮನಿಸುವುದು, ಆಮೇಲೆ ನಿಧಾನ ಅಗಿಯುವುದು. ಒಂದು ದ್ರಾಕ್ಷಿಗೆ ಹತ್ತು ನಿಮಿಷ! ಮುಂದಿನ ಪಾಠ ನೆಲದ ಮೇಲೆ ಮಲಗಿ ಎಡಗಾಲಿನ ಬೆರಳಿನಿಂದ ನೆತ್ತಿಯವರೆಗೆ ಮೈಯನ್ನು ಮನಸ್ಸಿನಲ್ಲೇ ಮುಟ್ಟುತ್ತ ಹೋಗುವುದು. ನೋವಿರುವಲ್ಲಿಗೆ ಬಂದಾಗ ಓಡಿಹೋಗದೆ ಅಲ್ಲೇ ಒಂದಿಷ್ಟು ಹೊತ್ತು ನಿಲ್ಲುವುದು. ಮನೆಯಲ್ಲಿ ದಿನಕ್ಕೆ ಮುಕ್ಕಾಲು ಗಂಟೆ ಅಭ್ಯಾಸ.

ನೋವು ಮಾಯವಾಗುತ್ತದೆಂದು ಕಬಾಟ್-ಜಿನ್ ಹೇಳಲಿಲ್ಲ. ನೋವಿಗೆ ಅಂಟಿಕೊಂಡೇ ಬರುವ 'ಅಯ್ಯೋ, ಇದು ಇನ್ನು ಜನ್ಮಪೂರ್ತಿ' ಎಂಬ ಎರಡನೆಯ ನೋವನ್ನು ಬೇರೆಯಾಗಿ ನೋಡಲು ಸಾಧ್ಯವೆಂದಷ್ಟೇ ಹೇಳಿದರು.

ಬೋಧಗಯೆಯಿಂದ ಬ್ಯಾರಿಗೆ, ಅಲ್ಲಿಂದ ವೂಸ್ಟರ್ ಆಸ್ಪತ್ರೆಗೆ ಹೋದ ಈ ವಿದ್ಯೆ 'ಮೈಂಡ್‌ಫುಲ್‌ನೆಸ್' ಎಂಬ ಹೊಸ ಹೆಸರು ಹೊತ್ತು, ಸ್ಲೈಡುಗಳ ರೂಪದಲ್ಲಿ, ಬೆಂಗಳೂರಿನ ಕಂಪನಿಗಳ ತರಬೇತಿ ಕೊಠಡಿಗಳಿಗೆ ಮರಳಿ ಬಂದಿದೆ. ದೊಡ್ಡ ಸುತ್ತೇ ಸರಿ.

ಇದರಿಂದ ಉಪಯೋಗವಾಗುತ್ತದೆಯೇ? ಪುರಾವೆ ಇದೆ, ಆದರೆ ಪ್ರಚಾರದಷ್ಟು ದೊಡ್ಡದಾಗಿ ಅಲ್ಲ. ಮತ್ತೆ ಮತ್ತೆ ಮರಳುವ ಖಿನ್ನತೆಗಾಗಿ ಜಾನ್ ಟೀಸ್‌ಡೇಲ್, ಮಾರ್ಕ್ ವಿಲಿಯಮ್ಸ್ ಮತ್ತು ಝಿಂಡೆಲ್ ಸೀಗಲ್ ಈ ಅಭ್ಯಾಸವನ್ನು ಮಾತಿನ ಚಿಕಿತ್ಸೆಯ ಜೊತೆ ಹೆಣೆದರು. 2000ದಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ, ಮೂರು ಅಥವಾ ಹೆಚ್ಚು ಸಲ ಖಿನ್ನತೆಗೆ ಜಾರಿದ್ದವರ ಪೈಕಿ ಎಂದಿನ ಚಿಕಿತ್ಸೆಯಲ್ಲಿದ್ದವರಲ್ಲಿ 66 ಶೇಕಡಾ ಮಂದಿಗೆ ಕಾಯಿಲೆ ಮರಳಿದರೆ, ಈ ತರಬೇತಿ ಪಡೆದವರಲ್ಲಿ 37 ಶೇಕಡಾ ಮಂದಿಗೆ ಮರಳಿತು. ಸಣ್ಣ ವ್ಯತ್ಯಾಸವಲ್ಲ. ಎರಡೇ ಸಲ ಖಿನ್ನತೆ ಕಂಡವರಿಗೆ ಮಾತ್ರ ಅಂಥ ಪ್ರಯೋಜನ ಕಾಣಲಿಲ್ಲ, ಅದನ್ನೂ ಅವರು ಮುಚ್ಚಿಡಲಿಲ್ಲ. 2022ರಲ್ಲಿ ಎಲಿಜಬೆತ್ ಹೋಗ್ ಅವರ ತಂಡ ಆತಂಕದ ಕಾಯಿಲೆಯಿದ್ದ 276 ಜನರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಕಬಾಟ್-ಜಿನ್ ಮಾದರಿಯ ಎಂಟು ವಾರದ ತರಗತಿ, ಇನ್ನೊಂದಕ್ಕೆ ಎಸಿಟಲೊಪ್ರಾಮ್ ಎಂಬ ಮಾತ್ರೆ ಕೊಟ್ಟು ನೋಡಿತು. ಆತಂಕ ಎರಡೂ ಕಡೆ ಹೆಚ್ಚುಕಮ್ಮಿ ಒಂದೇ ಅಳತೆಯಲ್ಲಿ ಇಳಿಯಿತು. ಇದನ್ನು ಕೇಳಿ ಯಾರೂ ನಾಳೆಯಿಂದ ಮಾತ್ರೆ ನಿಲ್ಲಿಸಬಾರದು. ಅಲ್ಲಿ ಧ್ಯಾನವೆಂದರೆ ವಾರಕ್ಕೆ ಎರಡೂವರೆ ಗಂಟೆಯ ಪಾಠ, ದಿನವೂ ಮುಕ್ಕಾಲು ಗಂಟೆಯ ಅಭ್ಯಾಸ, ಪಳಗಿದ ಶಿಕ್ಷಕರು. ಕಣ್ಣು ಮುಚ್ಚಿ ಎರಡು ನಿಮಿಷ ಕೊಳಲು ಕೇಳಿದ್ದಕ್ಕೆ ಆ ಫಲ ಬಾರದು.

ಮಕ್ಕಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. 2022ರ ನವೆಂಬರಿನಲ್ಲಿ ಕರ್ನಾಟಕದ ಶಾಲೆಗಳಲ್ಲೂ ಪದವಿಪೂರ್ವ ಕಾಲೇಜುಗಳಲ್ಲೂ ದಿನಕ್ಕೆ ಹತ್ತು ನಿಮಿಷ ಧ್ಯಾನ ಮಾಡಿಸಬೇಕೆಂದು ಆಗಿನ ಶಿಕ್ಷಣ ಸಚಿವರು ಹೊರಟಾಗ ಪರ ವಿರೋಧ ಎರಡೂ ಜೋರಾಗಿದ್ದವು. ಚರ್ಚೆಯೆಲ್ಲ ಧರ್ಮದ ಸುತ್ತ, ರಾಜಕೀಯದ ಸುತ್ತ ತಿರುಗಿತು. ಅದೇ ವರ್ಷ ಬ್ರಿಟನ್ನಿನಲ್ಲಿ 85 ಶಾಲೆಗಳ ಎಂಟು ಸಾವಿರಕ್ಕೂ ಹೆಚ್ಚು ಮಕ್ಕಳ ಮೇಲೆ ನಡೆದ 'ಮಿರಿಯಡ್' ಎಂಬ ಅಧ್ಯಯನದ ಫಲಿತಾಂಶ ಬಂದಿತ್ತು, ಅದನ್ನು ಎತ್ತಿದವರು ಕಡಿಮೆ. ಧ್ಯಾನದ ಪಾಠ ಕೇಳಿದ ಹದಿಹರೆಯದ ಮಕ್ಕಳ ಮನಸ್ಥಿತಿ ಮಾಮೂಲಿ ಪಾಠ ಕೇಳಿದವರಿಗಿಂತ ಸುಧಾರಿಸಿರಲಿಲ್ಲ. ಮನೆಯಲ್ಲಿ ಅಭ್ಯಾಸ ಮಾಡಿಕೊಂಡು ಬನ್ನಿ ಎಂದದ್ದನ್ನು ಬಹುಪಾಲು ಮಕ್ಕಳು ಮಾಡಲೇ ಇಲ್ಲ, ಮಕ್ಕಳಲ್ಲವೇ! ಹನ್ನೆರಡು ವರ್ಷದ ಹುಡುಗನಿಗೆ ಕಣ್ಣು ಮುಚ್ಚಿ ಕೂರೆನ್ನುವುದಕ್ಕಿಂತ ಆಟದ ಪೀರಿಯಡ್ಡನ್ನು ಗಣಿತದ ಮೇಷ್ಟರು ಕಸಿದುಕೊಳ್ಳದಂತೆ ನೋಡಿಕೊಳ್ಳುವುದೇ ಅವನ ಸಮತೋಲಕ್ಕೆ ಹೆಚ್ಚು ನೆರವಾದೀತು.

ಕೂತು ಮಾಡುವ ಧ್ಯಾನವೊಂದೇ ದಾರಿಯೆಂದೂ ಅಲ್ಲ. ಇಟಲಿಯ ಹೃದಯತಜ್ಞ ಲುಚಿಯಾನೊ ಬರ್ನಾರ್ಡಿ ಮತ್ತು ಸಂಗಡಿಗರು 2001ರಲ್ಲಿ 'ಬ್ರಿಟಿಷ್ ಮೆಡಿಕಲ್ ಜರ್ನಲ್'ನಲ್ಲಿ ಒಂದು ಸೊಗಸಾದ ಪ್ರಯೋಗವನ್ನು ವರದಿ ಮಾಡಿದರು. 23 ಜನರಿಂದ ಒಮ್ಮೆ ಲ್ಯಾಟಿನ್ ಭಾಷೆಯ ಮರಿಯಮ್ಮನ ಜಪಸರ ಪ್ರಾರ್ಥನೆ ಹೇಳಿಸಿದರು, ಇನ್ನೊಮ್ಮೆ ಟಿಬೆಟ್ಟಿನ ಬೌದ್ಧರ 'ಓಂ ಮಣಿ ಪದ್ಮೇ ಹುಂ' ಜಪಿಸಲು ಹೇಳಿದರು. ಎರಡರಲ್ಲೂ ಉಸಿರಾಟ ತಾನಾಗಿ ನಿಮಿಷಕ್ಕೆ ಸುಮಾರು ಆರಕ್ಕೆ ಇಳಿಯಿತು. ಮಾಮೂಲಿಯಾಗಿ ಮನುಷ್ಯ ನಿಮಿಷಕ್ಕೆ ಹನ್ನೆರಡರಿಂದ ಇಪ್ಪತ್ತು ಸಲ ಉಸಿರಾಡುತ್ತಾನೆ. ನಮ್ಮ ರಕ್ತದೊತ್ತಡದಲ್ಲಿ ಹತ್ತು ಸೆಕೆಂಡಿಗೊಮ್ಮೆ ಏರಿಳಿಯುವ ಒಂದು ಸಹಜ ಅಲೆಯಿದೆ. ನಿಮಿಷಕ್ಕೆ ಆರು ಉಸಿರೆಂದರೆ ಅದೂ ಹತ್ತು ಸೆಕೆಂಡಿಗೊಂದು. ಎರಡು ತಾಳ ಕೂಡಿಬಂದಾಗ, ಒತ್ತಡ ಏರಿದ್ದನ್ನು ಗುರುತಿಸಿ ಹೃದಯದ ಬಡಿತವನ್ನು ತಗ್ಗಿಸುವ ದೇಹದ ಏರ್ಪಾಡು ಚುರುಕಾಗುತ್ತದೆ. ಮಿದುಳಿನಿಂದ ಎದೆಗೂ ಹೊಟ್ಟೆಗೂ ಇಳಿಯುವ ವೇಗಸ್ ಎಂಬ ನರ ಈ ಕೆಲಸದ ಮುಖ್ಯ ದಾರಿ. ಮಂಗಳೂರಿನ ಕ್ರೈಸ್ತರ ಮನೆಗಳ ಸಂಜೆಯ ಜಪಸರಕ್ಕೂ, ದೇವರ ಕೋಣೆಯಲ್ಲಿ ನೂರೆಂಟು ಎಣಿಸುವ ರುದ್ರಾಕ್ಷಿಗೂ, ನಮಾಜಿನ ನಂತರ ಬೆರಳಲ್ಲಿ ಸರಿಯುವ ತಸ್ಬೀಹ್‌ಗೂ ನಡುವೆ ಪಂಡಿತರು ಎಷ್ಟು ಗೋಡೆ ಎಬ್ಬಿಸಿದರೂ, ನಿಧಾನಿಸಿದ ಉಸಿರಿಗೆ ಜಾತಿ ಕೇಳುವ ಅಭ್ಯಾಸ ವೇಗಸ್ ನರಕ್ಕಿಲ್ಲ. ನಂಬಿಕೆಯಿಲ್ಲದವರು ಐದು ಎಣಿಸುವವರೆಗೆ ಒಳಗೆಳೆದು, ಐದು ಎಣಿಸುವವರೆಗೆ ಹೊರಬಿಟ್ಟರೂ ಲೆಕ್ಕ ಅದೇ.

ಇಲ್ಲಿ ಒಂದು ವಾದ ಬರುತ್ತದೆ: ನಮ್ಮ ಅಜ್ಜಿಯರಿಗೆ ಇದೆಲ್ಲ ಕಲಿಸುವವರು ಬೇಕಿತ್ತೇ? ಬೀಸುವ ಕಲ್ಲಿನ ಮುಂದೆ ಕೂತು ಹಾಡುತ್ತ ರಾಗಿ ಬೀಸುತ್ತಿದ್ದರು, ಅದೇ ಧ್ಯಾನವಾಗಿತ್ತು ಎಂದು. ಮಾತು ಕೇಳಲು ಚೆನ್ನ, ಅರ್ಧ ನಿಜವೂ ಹೌದು. ಕೈಯ ತಿರುವಿಗೂ ಹಾಡಿನ ಮಟ್ಟಿಗೂ ಉಸಿರಿಗೂ ಅಲ್ಲಿ ಒಂದು ಹೊಂದಿಕೆಯಿತ್ತು. ಆದರೆ ಬೆಳಗಿನ ಜಾವ ಎದ್ದು ಮನೆಮಂದಿಗೆಲ್ಲ ಹಿಟ್ಟು ಬೀಸುವುದು ಮೊದಲಿಗೆ ದುಡಿಮೆ, ಭುಜ ಬಿದ್ದುಹೋಗುವಂಥ ದುಡಿಮೆ. ಜಾನಪದ ಸಂಗ್ರಹಗಳಲ್ಲಿರುವ ತ್ರಿಪದಿಗಳನ್ನು ತಿರುವಿದರೆ ತವರಿನ ಹಂಬಲವೂ ಅತ್ತೆಮನೆಯ ಸಂಕಟವೂ ಪುಟಪುಟಕ್ಕೂ ಸಿಗುತ್ತವೆ. ಮನೆಯ ಹಿರಿಯರೆದುರು ಆಡಲಾಗದ್ದನ್ನು ಆ ಹೆಣ್ಣುಮಕ್ಕಳು ಕಲ್ಲಿನೆದುರು ಹಾಡಿಕೊಂಡರು. ಅವರ ಸಮತೋಲ ಉಳಿದದ್ದು ಗಿರಣಿ ಇಲ್ಲದ್ದರಿಂದಲ್ಲ; ಸಂಕಟಕ್ಕೆ ಒಂದು ಬಾಯಿ, ಒಂದು ಹೊತ್ತು, ಜೊತೆಗೆ ಕೈಜೋಡಿಸುವ ಇನ್ನೊಬ್ಬ ಹೆಣ್ಣು ಇದ್ದದ್ದರಿಂದ. ಹಿಟ್ಟಿನ ಗಿರಣಿ ಬಂದು ಕೈಗೆ ಬಿಡುವು ಕೊಟ್ಟಿತು. ಬಾಯಿಗೆ ಸಿಕ್ಕಿದ್ದ ಆ ಹೊತ್ತಿಗೆ ಬದಲಾಗಿ ಏನು ಬಂತು ಎಂಬುದನ್ನು ಯೋಚಿಸಬೇಕು.

ಇನ್ನೊಬ್ಬರ ಆರೈಕೆಯಲ್ಲಿ ಮುಳುಗಿದವರಿಗೆ ಈ ಪ್ರಶ್ನೆ ತೀರ ಹತ್ತಿರದ್ದು. ಮರೆವಿನ ಕಾಯಿಲೆಗೆ, ಅಂದರೆ ಡಿಮೆನ್ಶಿಯಾಕ್ಕೆ ತುತ್ತಾದ ತಾಯಿಯನ್ನು ಮನೆಯಲ್ಲಿ ನೋಡಿಕೊಳ್ಳುವ ಮಗಳು ಅಥವಾ ಸೊಸೆಗೆ ರಜೆಯಿಲ್ಲ, ನಿವೃತ್ತಿಯಿಲ್ಲ. ಮಧ್ಯರಾತ್ರಿ ಬಾಗಿಲು ತೆಗೆದು ಹೊರಟವರನ್ನು ಹಿಂದಿನಿಂದ ಹಿಡಿಯಬೇಕು, ಬೆಳಿಗ್ಗೆ 'ನೀನ್ಯಾರಮ್ಮ?' ಎಂದು ಅವರೇ ಕೇಳುವುದನ್ನು ಕೇಳಿಸಿಕೊಳ್ಳಬೇಕು. ಇಂಥವರಿಗಾಗಿ ವಿಶ್ವ ಆರೋಗ್ಯ ಸಂಸ್ಥೆ 'ಐಸಪೋರ್ಟ್' ಎಂಬ ಪಾಠಮಾಲೆ ಸಿದ್ಧಪಡಿಸಿದೆ. ಬೆಂಗಳೂರಿನ ನಿಮ್ಹಾನ್ಸ್‌ನ ತಜ್ಞರು ಅದನ್ನು ಭಾರತದ ಮನೆಗಳಿಗೆ ಒಗ್ಗಿಸಿ ಪರೀಕ್ಷಿಸಿದ್ದಾರೆ. ಕಾಯಿಲೆಯೆಂದರೇನು, ಸ್ನಾನ ಮಾಡಿಸುವುದು ಹೇಗೆ, ಸಿಟ್ಟು ಬಂದಾಗ ಸಂಭಾಳಿಸುವುದು ಹೇಗೆ ಎಂಬ ಅಧ್ಯಾಯಗಳ ನಡುವೆ ಆರೈಕೆ ಮಾಡುವವರ ಸ್ವಂತ ಆರೈಕೆಗೇ ಒಂದು ಭಾಗ ಮೀಸಲು. ಮೈ ಸಡಿಲಿಸುವುದು, ದಿನದಲ್ಲಿ ತನಗೆ ಖುಷಿ ಕೊಡುವ ಒಂದು ಕೆಲಸಕ್ಕೆ ಹೊತ್ತು ಹೊಂದಿಸುವುದು, 'ನಾನು ಸರಿಯಾಗಿ ನೋಡಿಕೊಳ್ಳುತ್ತಿಲ್ಲ' ಎಂಬ ಯೋಚನೆ ಬಂದಾಗ ಅದನ್ನು ತಿರುಗಿಸಿ ಕೇಳಿಕೊಳ್ಳುವುದು. ಇದನ್ನು ಸ್ವಾರ್ಥವೆಂದು ನಮ್ಮಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಅಮ್ಮನನ್ನು ಅಣ್ಣನ ಬಳಿ ಬಿಟ್ಟು ಎರಡು ದಿನ ಗೆಳತಿಯ ಮನೆಗೆ ಹೋಗಿಬಂದವಳನ್ನು ನೆಂಟರು ನೋಡುವ ನೋಟ ಅದನ್ನು ಹೇಳುತ್ತದೆ.

ಕಚೇರಿಯ ಕಥೆ ಬೇರೆಯಲ್ಲ. 2023ರ ಅಕ್ಟೋಬರಿನಲ್ಲಿ ಇನ್ಫೋಸಿಸ್‌ನ ಎನ್. ಆರ್. ನಾರಾಯಣ ಮೂರ್ತಿಯವರು ದೇಶದ ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕು ಎಂದದ್ದು ಮನೆಮನೆಯ ಮಾತಾಯಿತು. 2024ರ ಜುಲೈನಲ್ಲಿ ಕರ್ನಾಟಕದ ಐಟಿ ಉದ್ಯೋಗಿಗಳ ದಿನವನ್ನು 14 ಗಂಟೆಯವರೆಗೆ ಹಿಗ್ಗಿಸುವ ಪ್ರಸ್ತಾಪ ಸುದ್ದಿಯಾದಾಗ ನೌಕರರ ಸಂಘ ಬೀದಿಗಿಳಿಯಿತು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2021ರಲ್ಲಿ ಕೊಟ್ಟ ಲೆಕ್ಕವನ್ನು ಈ ಎರಡರ ಪಕ್ಕದಲ್ಲಿಟ್ಟು ಓದಬೇಕು: ವಾರಕ್ಕೆ 55 ಗಂಟೆ ಅಥವಾ ಹೆಚ್ಚು ದುಡಿಯುವವರಿಗೆ, 35ರಿಂದ 40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ 35 ಶೇಕಡಾ ಹೆಚ್ಚು, ಹೃದಯದ ಕಾಯಿಲೆಯಿಂದ ಸಾಯುವ ಅಪಾಯ 17 ಶೇಕಡಾ ಹೆಚ್ಚು. ದೀರ್ಘ ದುಡಿಮೆಗೆ ತಳುಕು ಹಾಕಬಹುದಾದ ಸಾವುಗಳು 2016ರ ಒಂದೇ ವರ್ಷದಲ್ಲಿ ಜಗತ್ತಿನಾದ್ಯಂತ 7,45,000. ಹನ್ನೆರಡು ತಾಸು ದುಡಿಸಿ, ಆಮೇಲೆ ಕಚೇರಿಯ ಒಂದು ಮೂಲೆಗೆ ನೀಲಿ ದೀಪ, ಮೆತ್ತೆ ಹಾಕಿ 'ಧ್ಯಾನದ ಕೋಣೆ' ಎಂದು ಫಲಕ ತೂಗುಹಾಕುವುದು ತೂತುಬಿದ್ದ ಕೊಡಕ್ಕೆ ರಂಗೋಲಿ ಬರೆದಂತೆ. ಒತ್ತಡದ ಮೂಲ ಕೆಲಸದ ಹೊರೆಯಲ್ಲಿದ್ದಾಗ ಉಸಿರನ್ನು ನೋಡುತ್ತ ಕೂರೆಂದು ನೌಕರನಿಗೆ ಹೇಳುವುದರ ಅರ್ಥ, ತಪ್ಪು ಅವನ ಉಸಿರಿನಲ್ಲಿದೆಯೆಂದು. ಅಮೆರಿಕದ ರೊನಾಲ್ಡ್ ಪರ್ಸರ್ 2019ರಲ್ಲಿ ಒಂದು ಪುಸ್ತಕವನ್ನೇ ಈ ಆಕ್ಷೇಪಣೆಗೆ ಮೀಸಲಿಟ್ಟರು. ಅವರೇನು ಧ್ಯಾನದ ವಿರೋಧಿಯಲ್ಲ, ಬೌದ್ಧ ಧ್ಯಾನವನ್ನು ತಾವೇ ಅಭ್ಯಾಸ ಮಾಡುವವರು.

ಆರೈಕೆಯ ಪಟ್ಟಿಯಲ್ಲಿ ಮೊದಲೇ ಇದ್ದ ನಿದ್ದೆಯ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ, ಅದನ್ನು ಮಾಡಬೇಕು ಅಷ್ಟೇ. ದೇಹದ ಒಳಗಡಿಯಾರ ಹೇಗೆ ನಡೆಯುತ್ತದೆಂದು ಕಂಡುಹಿಡಿದ ಹಾಲ್, ರೋಸ್‌ಬ್ಯಾಶ್ ಮತ್ತು ಯಂಗ್ ಎಂಬ ಮೂವರಿಗೆ 2017ರ ನೊಬೆಲ್ ಬಂತು. ಆ ಗಡಿಯಾರಕ್ಕೆ ಕೀಲಿ ಕೊಡುವುದು ಬೆಳಕು. ಬೆಳಿಗ್ಗೆ ಬಿಸಿಲಿಗೆ ಮೈಯೊಡ್ಡಿ ನಡೆಯುವುದು, ರಾತ್ರಿ ದೀಪ ಮಂಕು ಮಾಡುವುದು, ಮೊಬೈಲನ್ನು ಹಾಸಿಗೆಯಿಂದ ದೂರ ಚಾರ್ಜಿಗಿಡುವುದು, ಇಷ್ಟಕ್ಕೆ ಚಂದಾ ಕಟ್ಟಬೇಕಿಲ್ಲ. ರಾತ್ರಿ ಪಾಳಿಯವರಿಗೆ ಈ ಸಲಹೆ ನಡೆಯದು. ಅವರಿಗೆ ಬೇಕಾದದ್ದು ಪಾಳಿ ಬದಲಿಸುವಾಗ ಎರಡು ದಿನ ಬಿಡುವು ಕೊಡುವ ಮೇಲಧಿಕಾರಿ.

ಎಷ್ಟೇ ಆರೈಕೆ ಮಾಡಿಕೊಂಡರೂ ಸಾಲದೆ ಬರುವ ಘಟ್ಟವೂ ಒಂದಿದೆ. ಎರಡು ವಾರಕ್ಕೂ ಮೀರಿ ಬಿಡದ ಬೇಸರ, ಊಟ ಸೇರದಿರುವುದು, ಬೆಳಗಿನ ಜಾವ ಮೂರಕ್ಕೇ ಎಚ್ಚರವಾಗಿ ಮತ್ತೆ ನಿದ್ದೆ ಬಾರದಿರುವುದು, ಬದುಕಿ ಏನು ಪ್ರಯೋಜನ ಎಂಬ ಮಾತು, ಇವು ಧ್ಯಾನ ಹೆಚ್ಚಿಸಬೇಕಾದ ಸೂಚನೆಗಳಲ್ಲ, ವೈದ್ಯರನ್ನು ಕಾಣಬೇಕಾದ ಸೂಚನೆಗಳು. ಕೆಲವರಿಗೆ ದೀರ್ಘ ಮೌನ ಶಿಬಿರಗಳಲ್ಲಿ ಹಳೆಯ ಆಘಾತಗಳು ಮರುಕಳಿಸಿ ತೊಂದರೆ ಹೆಚ್ಚಿದ್ದೂ ಉಂಟು. 2015-16ರಲ್ಲಿ ನಿಮ್ಹಾನ್ಸ್ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ದೇಶದ ವಯಸ್ಕರಲ್ಲಿ 10.6 ಶೇಕಡಾ ಮಂದಿಗೆ ಆ ಹೊತ್ತಿಗೆ ಒಂದಲ್ಲ ಒಂದು ಮಾನಸಿಕ ಕಾಯಿಲೆ ಇದೆಯೆಂದು ಕಂಡಿತು. ಕಾಯಿಲೆಯಿಂದ ಕಾಯಿಲೆಗೆ ಲೆಕ್ಕ ಬೇರೆ, ಆದರೂ ಬಹುತೇಕ ಕಾಯಿಲೆಗಳಲ್ಲಿ ಚಿಕಿತ್ಸೆ ಸಿಗದವರು 70 ಶೇಕಡಾಕ್ಕೂ ಹೆಚ್ಚು.

ಈ ಕೊರತೆ ತುಂಬುವ ಕೆಲಸದಲ್ಲಿ ಕರ್ನಾಟಕಕ್ಕೆ ಹಳೆಯ ಅನುಭವವಿದೆ. 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಸಿಬ್ಬಂದಿಗೂ ನಿಮ್ಹಾನ್ಸ್ ತರಬೇತಿ ಕೊಟ್ಟು, ಜ್ವರ ಕೆಮ್ಮಿನ ಮಾತ್ರೆ ಸಿಗುವಲ್ಲೇ ಮನೋರೋಗದ ಮಾತ್ರೆಯೂ ಸಿಗುವಂತೆ ಮಾಡಿತು. 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿ. 2014ರಲ್ಲಿ ರಾಜ್ಯ ಸರ್ಕಾರ 'ಮನೋಚೈತನ್ಯ' ಎಂಬ ಹೆಸರಿನಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಮನೋರೋಗ ಚಿಕಿತ್ಸೆ ಆರಂಭಿಸಿತು. ಊರಿನಲ್ಲಿ ಯಾರಾದರೂ ನೋಡಿಯಾರು ಎಂಬ ಅಳುಕಿರುವವರು ಫೋನು ಮಾಡಬಹುದು: 14416. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮನಸ್ ಸಹಾಯವಾಣಿಯ ಸಂಖ್ಯೆ ಅದು. ಹಗಲು ರಾತ್ರಿ ತೆರೆದಿರುತ್ತದೆ, ಖರ್ಚಿಲ್ಲ, ಭಾಷೆ ಆರಿಸಿಕೊಂಡರೆ ಕನ್ನಡದಲ್ಲೇ ಮಾತನಾಡಬಹುದು. ಮೊದಲು ತರಬೇತಾದ ಸಲಹೆಗಾರರು ಕೇಳಿಸಿಕೊಳ್ಳುತ್ತಾರೆ, ಅಗತ್ಯ ಬಿದ್ದರೆ ಮನೋವೈದ್ಯರಿಗೆ ದಾಟಿಸುತ್ತಾರೆ. ಕಾಯಿಲೆಯವರೇ ಕರೆಯಬೇಕೆಂದಿಲ್ಲ, ಅವರನ್ನು ನೋಡಿಕೊಳ್ಳುತ್ತ ದಣಿದವರೂ ಕರೆಯಬಹುದು.